ಜ್ವರ ಬಿಟ್ಟಿತು, ಬಾಧೆ ಬಿಡಲಿಲ್ಲ: ಗುಣಮುಖರಾದವರ ಪಾಡು

2025ರ ಫೆಬ್ರವರಿ 14ರಂದು ಜಗದ್ಗುರು ಫ್ರಾನ್ಸಿಸರು ರೋಮ್ ನಗರದ ಜೆಮೆಲ್ಲಿ ಆಸ್ಪತ್ರೆಗೆ ದಾಖಲಾದ ಸುದ್ದಿ ಬಂದಾಗ ನಮ್ಮ ನಾಡಿನ ಮನೆಮನೆಗಳಲ್ಲೂ ಜಪಸರ ಪ್ರಾರ್ಥನೆಯ ವೇಳೆ ಅವರ ಹೆಸರು ಕೇಳಿಬಂತು. ಎರಡೂ ಶ್ವಾಸಕೋಶಗಳನ್ನು ಹಲವು ಬಗೆಯ ಸೂಕ್ಷ್ಮಜೀವಿಗಳು ಆಕ್ರಮಿಸಿದ್ದವು. 38 ದಿನಗಳ ಬಳಿಕ, ಮಾರ್ಚ್ 23ರಂದು, ಅವರು ಆಸ್ಪತ್ರೆಯಿಂದ ಹೊರಬಂದರು. ನಾವೆಲ್ಲ ನಿಟ್ಟುಸಿರುಬಿಟ್ಟೆವು. ಆದರೆ ಅದರ ಹಿಂದಿನ ದಿನವೇ ಅವರ ವೈದ್ಯರು ಹೇಳಿದ ಮಾತನ್ನು ಬಹಳ ಮಂದಿ ಗಮನಿಸಲಿಲ್ಲ. ಇನ್ನೂ ಕನಿಷ್ಠ ಎರಡು ತಿಂಗಳು ವಿಶ್ರಾಂತಿ ಅಗತ್ಯವೆಂದೂ, ಮಾತು ಮೊದಲಿನಂತಾಗಲು ಕಾಲ ಹಿಡಿಯುವುದೆಂದೂ ಅವರು ಸ್ಪಷ್ಟವಾಗಿ ತಿಳಿಸಿದ್ದರು. ಏಪ್ರಿಲ್ 21ರಂದು ಅವರು ನಿಧನ ಹೊಂದಿದರು. ಪಾರ್ಶ್ವವಾಯು ಹಾಗೂ ಹೃದಯ ಸ್ತಂಭನವೆಂದು ಮರಣಪತ್ರದಲ್ಲಿ ಬರೆಯಲಾಯಿತು. ಅದರ ಜೊತೆಗೆ ಹಿಂದಿನ ಶ್ವಾಸಕೋಶದ ಕಾಯಿಲೆಯ ಉಲ್ಲೇಖವೂ ಇತ್ತು.

ಆಸ್ಪತ್ರೆಯಿಂದ ಬಿಡುಗಡೆಯಾಗುವುದು ಬೇರೆ, ಗುಣವಾಗುವುದು ಬೇರೆ. ಈ ಸರಳ ಸತ್ಯವನ್ನು ಮನಗಾಣುವುದು ಇಂದಿನ ಅಗತ್ಯವಾಗಿದೆ. ಏಕೆಂದರೆ ಕಳೆದ ಕಾಲು ಶತಮಾನದಲ್ಲಿ ಜಗತ್ತು ಎರಡು ಸಲ ಶ್ವಾಸಕೋಶದ ವೈರಾಣು ರೋಗಗಳ ದೊಡ್ಡ ಹಾವಳಿಯನ್ನು ಕಂಡಿದೆ. ಎರಡೂ ಸಲ ದಿನಪತ್ರಿಕೆಗಳು ಸೋಂಕಿತರೆಷ್ಟು, ಸತ್ತವರೆಷ್ಟು, ಗುಣಮುಖರಾದವರೆಷ್ಟು ಎಂಬ ಮೂರು ಅಂಕಣಗಳ ಪಟ್ಟಿಯನ್ನು ಪ್ರತಿದಿನ ಮುದ್ರಿಸಿದವು. ಆ ಮೂರನೆಯ ಅಂಕಣದೊಳಗೆ ನಾಲ್ಕನೆಯದೊಂದು ಅಡಗಿತ್ತು. ಸಾಯದೆ ಉಳಿದರೂ ಹಿಂದಿನ ಬದುಕಿಗೆ ಮರಳಲಾಗದವರು ಎಷ್ಟು ಮಂದಿ ಎಂಬುದೇ ಆ ನಾಲ್ಕನೆಯ ಅಂಕಣ. ಅದನ್ನು ಯಾರೂ ಮುದ್ರಿಸಲಿಲ್ಲ.

ಮೊದಲ ಎಚ್ಚರಿಕೆ: 2003

2002ರ ನವೆಂಬರಿನಲ್ಲಿ ಚೀನಾ ದೇಶದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹೊಸ ಬಗೆಯ ನ್ಯುಮೋನಿಯಾ ಕಾಣಿಸಿಕೊಂಡಿತು. 2003ರ ಫೆಬ್ರವರಿಯಲ್ಲಿ ಅಲ್ಲಿನ ಒಬ್ಬ ವೈದ್ಯರು ಹಾಂಗ್‌ಕಾಂಗಿನ ಹೋಟೆಲೊಂದರಲ್ಲಿ ತಂಗಿದರು. ಅದೇ ಹೋಟೆಲಿನಲ್ಲಿದ್ದ ಅತಿಥಿಗಳ ಮೂಲಕ ರೋಗವು ವಿಯೆಟ್ನಾಂ, ಸಿಂಗಪುರ ಹಾಗೂ ಕೆನಡಾ ದೇಶಗಳಿಗೆ ಹಬ್ಬಿತು. ಇದಕ್ಕೆ ಸಾರ್ಸ್ ಎಂಬ ಹೆಸರು ಬಂದಿತು. ಅದೇ ವರ್ಷದ ಜುಲೈ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ರೋಗ ಹತೋಟಿಗೆ ಬಂದಿದೆಯೆಂದು ಸಾರುವ ಹೊತ್ತಿಗೆ 8 ಸಾವಿರಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತ್ತು. 774 ಮಂದಿ ಅಸುನೀಗಿದರು. ಭಾರತದ ಪಾಲಿಗೆ ಆ ಪಟ್ಟಿಯಲ್ಲಿ ಸೇರಿದ್ದು ಕೇವಲ ಮೂರು ಪ್ರಕರಣಗಳು. ಆದುದರಿಂದ ನಮ್ಮವರ ನೆನಪಿನಲ್ಲಿ ಅದು ದೂರದ ದೇಶದ ಸುದ್ದಿಯಾಗಿಯೇ ಉಳಿಯಿತು.

ಈ ರೋಗದ ಅಪಾಯವನ್ನು ಮೊದಲು ಗುರುತಿಸಿ ಜಗತ್ತನ್ನು ಎಚ್ಚರಿಸಿದವರಲ್ಲಿ ಇಟಲಿಯ ಡಾ. ಕಾರ್ಲೊ ಉರ್ಬಾನಿಯವರು ಪ್ರಮುಖರು. ಹಾನೊಯ್ ನಗರದ ಆಸ್ಪತ್ರೆಯಲ್ಲಿ ರೋಗಿಗಳನ್ನು ಪರೀಕ್ಷಿಸುತ್ತಲೇ ಸ್ವತಃ ಸೋಂಕಿಗೆ ಒಳಗಾದ ಅವರು 2003ರ ಮಾರ್ಚ್ 29ರಂದು ಬ್ಯಾಂಕಾಕಿನಲ್ಲಿ ಪ್ರಾಣಬಿಟ್ಟರು. ಆಗ ಅವರಿಗೆ 46 ವರ್ಷ. ಪತ್ನಿ ಹಾಗೂ ಮೂವರು ಮಕ್ಕಳನ್ನು ಅಗಲಿದ ಈ ಕಥೋಲಿಕ ವೈದ್ಯರನ್ನು ಜಗತ್ತು ಗೌರವದಿಂದ ಸ್ಮರಿಸುತ್ತದೆ, ಸ್ಮರಿಸಬೇಕಾದುದೂ ಸರಿಯೇ. ಆದರೆ ಅವರಂತೆಯೇ ಸೇವೆಯಲ್ಲಿದ್ದು ಸೋಂಕು ತಗುಲಿಸಿಕೊಂಡು, ಸಾಯದೆ ಉಳಿದವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು. ಸಾರ್ಸ್ ತಗಲಿದ ಪ್ರತಿ ಐವರಲ್ಲಿ ಸುಮಾರು ಒಬ್ಬರು ವೈದ್ಯರೋ ದಾದಿಯೋ ಆಸ್ಪತ್ರೆಯ ಇತರ ಕೆಲಸಗಾರರೋ ಆಗಿದ್ದರು. ಹಾಂಗ್‌ಕಾಂಗ್ ಒಂದರಲ್ಲೇ ರೋಗ ತಗಲಿದ 1,755 ಮಂದಿಯಲ್ಲಿ 386 ಮಂದಿ ಇಂತಹವರು. ನಮ್ಮ ಕುಟುಂಬಗಳಲ್ಲಿ ದಾದಿಯ ವೃತ್ತಿಯನ್ನು ಹಿಡಿದು ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಬ್ರಿಟನ್ನಿನಲ್ಲೋ ದುಡಿಯುತ್ತಿರುವ ಹೆಣ್ಣುಮಕ್ಕಳು ಎಷ್ಟಿದ್ದಾರೆಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ನಮಗೆ ಬೇಗ ಆಗುತ್ತದೆ.

ಮೂಳೆ, ಉಸಿರು, ಮನಸ್ಸು

ಸಾರ್ಸಿನಿಂದ ಪಾರಾದವರಲ್ಲಿ ಕಂಡುಬಂದ ಬಾಧೆಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ಮೂಳೆಯದು. ಹೊಸ ರೋಗಕ್ಕೆ ಮದ್ದಿಲ್ಲದ ಆ ದಿನಗಳಲ್ಲಿ ಶ್ವಾಸಕೋಶದ ಉರಿಯೂತವನ್ನು ತಗ್ಗಿಸಲು ಹಾಂಗ್‌ಕಾಂಗ್ ಹಾಗೂ ಬೀಜಿಂಗ್ ನಗರಗಳ ವೈದ್ಯರು ಸ್ಟೆರಾಯ್ಡ್ ಔಷಧಿಯನ್ನು ಭಾರಿ ಪ್ರಮಾಣದಲ್ಲಿ ಕೊಟ್ಟರು. ಅದರಿಂದ ಕೆಲವರ ಜೀವ ಉಳಿದಿರಬಹುದು. ಆದರೆ ಸ್ಟೆರಾಯ್ಡ್ ಹೆಚ್ಚಾದಾಗ ತೊಡೆಮೂಳೆಯ ತಲೆಭಾಗಕ್ಕೆ, ಅಂದರೆ ಸೊಂಟದ ಕೀಲಿನೊಳಗೆ ಕೂರುವ ಗುಂಡನೆಯ ಭಾಗಕ್ಕೆ, ರಕ್ತದ ಹರಿವು ಕುಂಠಿತವಾಗುತ್ತದೆ. ರಕ್ತವಿಲ್ಲದೆ ಅಲ್ಲಿನ ಮೂಳೆ ಒಳಗಿಂದೊಳಗೇ ಸಾಯುತ್ತದೆ. ಕೊನೆಗೆ ದೇಹದ ಭಾರ ತಾಳದೆ ಕುಸಿಯುತ್ತದೆ. ರೋಗ ವಾಸಿಯಾಯಿತೆಂದು ಮನೆಗೆ ಹೋದ ಮಧ್ಯವಯಸ್ಕರು ತಿಂಗಳುಗಳ ನಂತರ ತೊಡೆಸಂದಿಯಲ್ಲಿ ನೋವೆಂದು ಮರಳಿ ಬಂದರು. ಹಲವರು ಊರುಗೋಲು ಹಿಡಿದರು. ಕೆಲವರು ಕೃತಕ ಕೀಲು ಹಾಕಿಸಿಕೊಂಡರು.

ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯದ ಪೀಪಲ್ಸ್ ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದಾಗಲೇ ಸಾರ್ಸ್ ತಗಲಿದ ಸಿಬ್ಬಂದಿಯ ಪೈಕಿ 71 ಮಂದಿಯನ್ನು ಅಲ್ಲಿನ ವೈದ್ಯರು 15 ವರ್ಷಗಳ ಕಾಲ, 2018ರ ವರೆಗೆ, ಪರೀಕ್ಷಿಸುತ್ತ ಬಂದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲ ಬೋಧಪ್ರದವಾಗಿದೆ. ಶ್ವಾಸಕೋಶದ ಕಲೆಗಳು ಮೊದಲ ಒಂದು ವರ್ಷದಲ್ಲಿ ಗಣನೀಯವಾಗಿ ಕಡಿಮೆಯಾದವು; ಅಲ್ಲಿಂದಾಚೆಗೆ ಹೆಚ್ಚೇನೂ ಬದಲಾಗಲಿಲ್ಲ. ಸತ್ತ ಮೂಳೆಯ ಪ್ರಮಾಣವೂ ನಿಧಾನವಾಗಿ ಇಳಿದು ಕೆಲವು ವರ್ಷಗಳ ನಂತರ ನಿಂತಲ್ಲೇ ನಿಂತಿತು. ಎಂದರೆ, ದೇಹ ತನ್ನನ್ನು ತಾನು ಸರಿಪಡಿಸಿಕೊಳ್ಳುವುದು ಬಹುಮಟ್ಟಿಗೆ ಆರಂಭದ ಕಾಲದಲ್ಲಿ. ಆ ಕಾಲದಲ್ಲಿ ಆರೈಕೆ ದೊರೆಯದಿದ್ದರೆ ಮುಂದೆ ಪಡುವ ಶ್ರಮಕ್ಕೆ ಅಷ್ಟು ಫಲವಿಲ್ಲ.

ಎರಡನೆಯದು ಉಸಿರಿನ ಬಾಧೆ. ತೀವ್ರ ಸೋಂಕಿನಲ್ಲಿ ಶ್ವಾಸಕೋಶದ ನವಿರಾದ ಗಾಳಿಚೀಲಗಳು ಹಾಳಾಗುತ್ತವೆ. ಗಾಯ ಮಾಯುವಾಗ ಚರ್ಮದ ಮೇಲೆ ಗಟ್ಟಿ ಕಲೆ ಉಳಿಯುವಂತೆ ಅಲ್ಲಿಯೂ ನಾರುಗಟ್ಟಿದ ಅಂಗಾಂಶ ಉಳಿಯುತ್ತದೆ. ಅದರ ಮೂಲಕ ಆಮ್ಲಜನಕ ರಕ್ತಕ್ಕೆ ಸರಾಗವಾಗಿ ಇಳಿಯದು. ಹಾಂಗ್‌ಕಾಂಗಿನಲ್ಲಿ 97 ಮಂದಿಯನ್ನು ಒಂದು ವರ್ಷದ ನಂತರ ಪರೀಕ್ಷಿಸಿದಾಗ ಸುಮಾರು ಕಾಲುಭಾಗದವರಲ್ಲಿ ಈ ಶಕ್ತಿ ಇನ್ನೂ ಕುಂದಿರುವುದು ಕಂಡುಬಂತು. ಕುಳಿತಿದ್ದಾಗ ಏನೂ ತೋರದು. ನಾಲ್ಕು ಮೆಟ್ಟಿಲು ಹತ್ತಿದಾಗ ಏದುಸಿರು ಬರುತ್ತದೆ. ನೋಡುವವರಿಗೆ ರೋಗಿ ಸರಿಯಾಗಿಯೇ ಇದ್ದಾನೆ ಎನಿಸುತ್ತದೆ.

ಮೂರನೆಯದು ಆಯಾಸ ಹಾಗೂ ಮನೋವ್ಯಥೆ. ಹಾಂಗ್‌ಕಾಂಗಿನ 233 ಸಾರ್ಸ್ ಪಾರಾದವರನ್ನು ಸುಮಾರು ನಾಲ್ಕು ವರ್ಷಗಳ ಬಳಿಕ ಸಂದರ್ಶಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ. 40ಕ್ಕಿಂತ ಹೆಚ್ಚಿನವರು ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅಷ್ಟೇ ಪ್ರಮಾಣದವರು ಬಿಡದೆ ಕಾಡುವ ಆಯಾಸವನ್ನು ಹೇಳಿಕೊಂಡರು. ಕೆನಡಾದ ಟೊರಾಂಟೊ ನಗರದಲ್ಲಿ, ಹೆಚ್ಚಿನಂಶ ಆಸ್ಪತ್ರೆ ಸಿಬ್ಬಂದಿಯೇ ಆಗಿದ್ದ 22 ಮಂದಿ ಸಾರ್ಸ್ ಕಳೆದು ಒಂದರಿಂದ ಮೂರು ವರ್ಷಗಳಾದರೂ ತಮ್ಮ ಕೆಲಸಕ್ಕೆ ಮರಳಲಾಗದೆ ಮೈಕೈ ನೋವು, ನಿದ್ರಾಹೀನತೆ, ನಿತ್ರಾಣಗಳಿಂದ ನರಳುತ್ತಿದ್ದುದನ್ನು 2011ರಲ್ಲಿ ವೈದ್ಯರು ದಾಖಲಿಸಿದರು. ಇತರರ ಶುಶ್ರೂಷೆ ಮಾಡುತ್ತಿದ್ದವರೇ ಶುಶ್ರೂಷೆ ಬೇಡುವಂತಾದರು.

ಎಲ್ಲವೂ ವೈರಾಣುವಿನ ದೋಷವೇ?

ಇಲ್ಲಿ ವಿವೇಚನೆ ಬೇಕು. ರೋಗ ಕಳೆದ ಮೇಲಿನ ಎಲ್ಲ ಬಾಧೆಯನ್ನೂ ವೈರಾಣುವಿನ ತಲೆಗೆ ಕಟ್ಟುವುದು ಸರಿಯಲ್ಲ. ವೈರಾಣು ಮಾಡಿದ ಗಾಯ ಒಂದು; ಮದ್ದಿನಿಂದಾದ ಹಾನಿ ಇನ್ನೊಂದು; ಆಸ್ಪತ್ರೆಯ ಹಾಸಿಗೆಯಲ್ಲಿ ವಾರಗಟ್ಟಲೆ ಮಲಗಿದ್ದರಿಂದಾದ ನಿಶ್ಶಕ್ತಿ ಮತ್ತೊಂದು.

ಸಾರ್ಸಿಗೂ ಮೊದಲೇ ಟೊರಾಂಟೊದ ವೈದ್ಯರು ಈ ಮೂರನೆಯದರ ಬೆನ್ನು ಹತ್ತಿದ್ದರು. ನ್ಯುಮೋನಿಯಾ ಮೊದಲಾದ ಕಾರಣಗಳಿಂದ ಶ್ವಾಸಕೋಶ ಪೂರ್ತಿ ಸೋತು ವೆಂಟಿಲೇಟರ್ ಯಂತ್ರದ ನೆರವಿನಿಂದ ಬದುಕಿದ 109 ಮಂದಿಯನ್ನು ಅವರು ಐದು ವರ್ಷ ಗಮನಿಸಿದರು. ಒಂದು ವರ್ಷದೊಳಗೆ ಶ್ವಾಸಕೋಶಗಳು ಬಹುಪಾಲು ಚೇತರಿಸಿಕೊಂಡಿದ್ದವು. ಆದರೆ ಸ್ನಾಯುಗಳು ಕರಗಿಹೋಗಿದ್ದವು. ತೀವ್ರ ನಿಗಾ ಘಟಕದಿಂದ ಹೊರಬರುವಾಗಲೇ ಅವರು ದೇಹತೂಕದ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಂಡಿದ್ದರು. ವರ್ಷದ ಕೊನೆಗೆ ಕೆಲಸಕ್ಕೆ ಮರಳಿದವರು ಅರ್ಧದಷ್ಟು ಮಾತ್ರ. ಐದು ವರ್ಷ ಕಳೆದರೂ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಅವರ ವಯಸ್ಸಿನ ಇತರರ ದೂರದ ಮುಕ್ಕಾಲು ಪಾಲಿನಷ್ಟೇ ಇತ್ತು. ಯಂತ್ರ ಉಸಿರನ್ನು ಉಳಿಸಿಕೊಟ್ಟಿತು. ನಡೆಯಲು ಕಲಿಸುವ ಹೊಣೆಯನ್ನು ಹೊರುವವರು ಮಾತ್ರ ಯಾರೂ ಇರಲಿಲ್ಲ.

ಕಲಿತ ಪಾಠ, ಕಲಿಯದ ಪಾಠ

2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ತುರ್ತುಸ್ಥಿತಿಯೆಂದು ಘೋಷಿಸಿತು. ಆ ಘೋಷಣೆಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು. ಈ ನಡುವಿನ ದಿನಗಳ ಬವಣೆಯನ್ನು ನಾವು ಓದುಗರಿಗೆ ವಿವರಿಸಬೇಕಾಗಿಲ್ಲ. ಸಾರ್ಸಿನ ಪಾಠವನ್ನು ನಾವು ಕಲಿತೆವೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಒಂದು ಪಾಠವನ್ನು ವೈದ್ಯವಿಜ್ಞಾನ ಖಂಡಿತ ಕಲಿಯಿತು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆಯ ಫಲಿತಾಂಶ ಹೊರಬಂತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂ ಮಾತ್ರ, ಹೆಚ್ಚೆಂದರೆ 10 ದಿನ ಕೊಟ್ಟರೆ ವೆಂಟಿಲೇಟರ್‌ನಲ್ಲಿರುವವರ ಸಾವು ಮೂರನೆಯ ಒಂದರಷ್ಟು ತಗ್ಗುತ್ತದೆ. ಆಮ್ಲಜನಕದ ಅಗತ್ಯವಿರುವವರಿಗೂ ಲಾಭವಿದೆ. ಆಮ್ಲಜನಕ ಬೇಕಿಲ್ಲದವರಿಗೆ ಲಾಭವೇನೂ ಇಲ್ಲ ಎಂಬುದು ಅದರ ತಾತ್ಪರ್ಯ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ದೊರೆತಿತ್ತು.

ಆದರೆ 2021ರ ಎರಡನೆಯ ಅಲೆಯಲ್ಲಿ ನಮ್ಮ ದೇಶದಲ್ಲಿ ಆ ಉತ್ತರ ಭಯದ ಅಬ್ಬರದಲ್ಲಿ ಕೊಚ್ಚಿಹೋಯಿತು. ಮನೆಯಲ್ಲಿಯೇ ಇದ್ದ ಸಣ್ಣ ಜ್ವರದವರೂ ನೆರೆಯವರು ಕಳುಹಿಸಿದ ಚೀಟಿಯನ್ನು ನೋಡಿ ಸ್ಟೆರಾಯ್ಡ್ ಮಾತ್ರೆ ನುಂಗಿದರು. ಸಕ್ಕರೆ ಕಾಯಿಲೆ ಮೊದಲೇ ಮನೆಮಾಡಿರುವ ನಾಡಿದು. ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸಿತು, ರೋಗನಿರೋಧಕ ಶಕ್ತಿಯನ್ನು ಇಳಿಸಿತು. ಕಪ್ಪು ಶಿಲೀಂಧ್ರ ರೋಗ ಹೊಂಚುಹಾಕಿ ಬಂದಿತು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ ಈ ರೋಗದ ಪ್ರಕರಣಗಳು 40 ಸಾವಿರವನ್ನು ಮೀರಿದ್ದವು. ಜೀವ ಉಳಿಸಲು ಹಲವರ ಕಣ್ಣನ್ನೇ, ದವಡೆಯ ಮೂಳೆಯನ್ನೇ ತೆಗೆಯಬೇಕಾಯಿತು. ಅದೇ ವರ್ಷ ಮುಂಬಯಿಯ ವೈದ್ಯರು, ಕೋವಿಡ್ ಚಿಕಿತ್ಸೆ ಪಡೆದು ಸುಮಾರು ಎರಡು ತಿಂಗಳಲ್ಲೇ ತೊಡೆಮೂಳೆಯ ತಲೆ ಸಾಯತೊಡಗಿದ್ದ, ಇನ್ನೂ 40 ದಾಟದ ಮೂವರ ಬಗ್ಗೆ ವರದಿ ಮಾಡಿದರು. ಹದಿನೆಂಟು ವರ್ಷ ಹಿಂದಿನ ಬೀಜಿಂಗಿನ ಕಥೆ ನಮ್ಮ ಬಾಗಿಲಿಗೆ ಬಂದಂತಾಯಿತು.

2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ನಂತರದ ಬಾಧೆಗೆ ಒಂದು ವ್ಯಾಖ್ಯೆಯನ್ನು ಕೊಟ್ಟಿತು. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾರಣ ತಿಳಿಯದ ಲಕ್ಷಣಗಳಿವು: ಆಯಾಸ, ಉಸಿರುಗಟ್ಟುವಿಕೆ, ನೆನಪು ಹಾಗೂ ಏಕಾಗ್ರತೆಯ ಕುಂದು. ಸೋಂಕು ತಗಲಿದ ಪ್ರತಿ ನೂರು ಮಂದಿಯಲ್ಲಿ ಸುಮಾರು ಆರು ಮಂದಿಗೆ ಇದು ಬರುತ್ತದೆ ಎಂಬುದು ಆ ಸಂಸ್ಥೆಯ ಇತ್ತೀಚಿನ ಅಂದಾಜು. ಆಸ್ಪತ್ರೆ ಸೇರಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ವೂಹಾನ್ ನಗರದ ಆಸ್ಪತ್ರೆಯಿಂದ ಬಿಡುಗಡೆಯಾದ 1,192 ಮಂದಿಯನ್ನು ಎರಡು ವರ್ಷದ ಬಳಿಕ ವಿಚಾರಿಸಿದಾಗ ಶೇ. 55ರಷ್ಟು ಮಂದಿಗೆ ಒಂದಾದರೂ ಲಕ್ಷಣ ಉಳಿದಿತ್ತು. ಸಮಾಧಾನದ ಸಂಗತಿಯೆಂದರೆ ಅವರಲ್ಲಿ ಬಹುಪಾಲು ಮಂದಿ ಹಿಂದಿನ ಕೆಲಸಕ್ಕೆ ಮರಳಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತಜ್ಞರು ಕೋವಿಡ್ ಕಳೆದ ಸುಮಾರು ಎರಡು ತಿಂಗಳಲ್ಲಿ 207 ಮಂದಿಯನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಶೇ. 44ರಷ್ಟು ಮಂದಿಯಲ್ಲಿ ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ದಾಟುವ ಶಕ್ತಿ ತಗ್ಗಿತ್ತು.

ಹಾಸನದ ಭೀತಿ ಕಲಿಸಿದ್ದೇನು?

ಗುಣವಾದವರನ್ನು ಲೆಕ್ಕದಿಂದ ಬಿಟ್ಟರೆ ಏನಾಗುತ್ತದೆಂಬುದನ್ನು 2025ರ ಮಳೆಗಾಲದಲ್ಲಿ ನಮ್ಮ ರಾಜ್ಯವೇ ಕಂಡಿತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು; ಅವರಲ್ಲಿ ತರುಣರೂ ಇದ್ದರು. ಜನ ಬೆದರಿದರು. ಮೈಸೂರು ಹಾಗೂ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನಸಂದಣಿ ನೆರೆಯಿತು. ಕೋವಿಡ್ ಲಸಿಕೆಯೇ ಕಾರಣವಿರಬಹುದೇ ಎಂಬ ಸಂಶಯವನ್ನು ಮುಖ್ಯಮಂತ್ರಿಗಳೇ ಜುಲೈ 1ರಂದು ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯದ ತಜ್ಞರ ಸಮಿತಿಯು, ಕೋವಿಡ್ ಸೋಂಕಿಗಾಗಲಿ ಲಸಿಕೆಗಾಗಲಿ ಈ ಅಕಾಲ ಹೃದ್ರೋಗಗಳೊಂದಿಗೆ ನೇರ ಸಂಬಂಧ ಕಂಡುಬಂದಿಲ್ಲವೆಂದು ವರದಿ ನೀಡಿತು. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಹಳೆಯ ಶತ್ರುಗಳತ್ತಲೇ ಅದು ಬೆರಳು ತೋರಿಸಿತು.

ಇದಕ್ಕೂ ಮೊದಲು, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 47 ಆಸ್ಪತ್ರೆಗಳ ನೆರವಿನಿಂದ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿತ್ತು. ಲಸಿಕೆ ಅಪಾಯವನ್ನು ಹೆಚ್ಚಿಸಿಲ್ಲ. ಎರಡು ವರಸೆ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯವನ್ನು ಹೆಚ್ಚಿಸಿದ ಸಂಗತಿಗಳಲ್ಲಿ ಕುಟುಂಬದಲ್ಲಿ ಹಿಂದೆ ನಡೆದ ಹಠಾತ್ ಸಾವು, ವಿಪರೀತ ಮದ್ಯಪಾನ, ಮಿತಿಮೀರಿದ ದೈಹಿಕ ಶ್ರಮ ಇವುಗಳ ಜೊತೆಗೆ ಇನ್ನೊಂದು ಅಂಶವೂ ಇತ್ತು: ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು. ನಮ್ಮ ಜನ ಲಸಿಕೆಯ ಬಗ್ಗೆ ಗದ್ದಲವೆಬ್ಬಿಸಿದರು. ಈ ಕೊನೆಯ ಅಂಶವನ್ನು ಕೇಳಿಸಿಕೊಳ್ಳಲಿಲ್ಲ. ಎರಡು ವರದಿಗಳನ್ನು ಜೊತೆಗಿಟ್ಟು ನೋಡಿದರೆ ನಮಗೆ ತೋಚುವುದಿಷ್ಟು: ಹಾಸನದ ಸಾವುಗಳನ್ನು ಕೋವಿಡ್‌ಗೆ ಕಟ್ಟಲು ಆಧಾರವಿಲ್ಲ, ಆದರೆ ತೀವ್ರ ಕೋವಿಡ್‌ನಿಂದ ಬದುಕಿದವರನ್ನು ಬಹುಕಾಲ ಗಮನಿಸುತ್ತಿರಬೇಕು ಎಂಬುದಕ್ಕೆ ಆಧಾರವಿದೆ. ಅಂತಹ ಗಮನ ಮೊದಲಿನಿಂದಲೂ ಇದ್ದಿದ್ದರೆ, ಜಿಲ್ಲೆ ಜಿಲ್ಲೆಯಲ್ಲೂ ಗುಣವಾದವರ ದಾಖಲೆ ಇದ್ದಿದ್ದರೆ, ವದಂತಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ.

ನ್ಯಾಯದ ಪ್ರಶ್ನೆ

ರೋಗ ತಗ್ಗಿದ ಮೇಲೆ ಉಳಿದ ಬಾಧೆಗೆ ಹೊಣೆ ಯಾರು? ಬೇರೆ ಬೇರೆ ನಾಡುಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಹಾಂಗ್‌ಕಾಂಗ್ ಸರ್ಕಾರ 2003ರ ನವೆಂಬರಿನಲ್ಲೇ 15 ಕೋಟಿ ಹಾಂಗ್‌ಕಾಂಗ್ ಡಾಲರುಗಳ ಸಾರ್ಸ್ ನಿಧಿಯನ್ನು ಸ್ಥಾಪಿಸಿತು. ಸತ್ತವರ ಕುಟುಂಬಗಳಿಗೆ ಮಾತ್ರವಲ್ಲದೆ, ಬದುಕುಳಿದು ದೀರ್ಘಕಾಲದ ಬಾಧೆಗೆ ಒಳಗಾದವರಿಗೂ ಅದರಿಂದ ನೆರವು ದೊರೆಯಿತು. ಗುಣಮುಖರಾದವರಲ್ಲೂ ನೊಂದವರಿದ್ದಾರೆ ಎಂಬುದನ್ನು ಒಂದು ಸರ್ಕಾರ ಬರಹದಲ್ಲಿ ಒಪ್ಪಿಕೊಂಡದ್ದೇ ದೊಡ್ಡ ಸಂಗತಿ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸಾರ್ಸ್ ತಗಲಿದ 53 ದಾದಿಯರು, ಸರ್ಕಾರ ತಮ್ಮ ರಕ್ಷಣೆಯಲ್ಲಿ ಎಡವಿತೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಾಂತ್ಯ ಸರ್ಕಾರಕ್ಕೆ ಅವರ ಬಗ್ಗೆ ಅಂತಹ ಪ್ರತ್ಯೇಕ ಕಾನೂನುಬದ್ಧ ಹೊಣೆಯಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಆದರೆ ಅದಕ್ಕೂ ಮುನ್ನ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗವು, ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಯ ವಿಷಯದಲ್ಲಿ ವೈಜ್ಞಾನಿಕ ನಿಶ್ಚಯ ದೊರೆಯುವವರೆಗೆ ಕೈಕಟ್ಟಿ ಕೂರಬಾರದೆಂದು ಖಡಾಖಂಡಿತವಾಗಿ ಹೇಳಿತ್ತು. ಕಾನೂನು ಕೈಬಿಟ್ಟ ಕಡೆಯಲ್ಲೂ ನೀತಿ ತನ್ನ ಮಾತನ್ನು ಆಡಿತ್ತು.

ನಮ್ಮಲ್ಲಿ? 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೋವಿಡ್ ಸೇವೆಯಲ್ಲಿದ್ದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಗಳ ವಿಮೆಯನ್ನು ಘೋಷಿಸಿತು. ಒಳ್ಳೆಯ ಕ್ರಮ. ಆದರೆ ಹಣ ದೊರೆಯುತ್ತಿದ್ದುದು ಸತ್ತರೆ ಮಾತ್ರ. ಸುಪ್ರೀಂ ಕೋರ್ಟಿನ ಒಪ್ಪಿಗೆಯೊಂದಿಗೆ 2021ರಲ್ಲಿ ನಿಗದಿಯಾದ 50 ಸಾವಿರ ರೂಪಾಯಿಗಳ ಪರಿಹಾರವೂ ಸತ್ತವರ ಕುಟುಂಬಕ್ಕೇ. ಅದರಲ್ಲೂ ಪರೀಕ್ಷೆಯಾದ 30 ದಿನಗಳೊಳಗಿನ ಸಾವು, ಇಲ್ಲವೇ ಆಸ್ಪತ್ರೆಯಿಂದ ಹೊರಬರದೆ ಸಂಭವಿಸಿದ ಸಾವನ್ನೇ ಮುಖ್ಯವಾಗಿ ಎಣಿಸಲಾಯಿತು. ಮನೆಗೆ ಮರಳಿ, ನಾರುಗಟ್ಟಿದ ಶ್ವಾಸಕೋಶದೊಂದಿಗೆ ನಾಲ್ಕು ತಿಂಗಳು ತೆವಳಿ ತೀರಿಕೊಂಡ ತಂದೆಯ ಕುಟುಂಬ ಜಿಲ್ಲಾ ಸಮಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಇನ್ನು ಬದುಕುಳಿದವನಿಗೆ ಅಂಗವಿಕಲರ ಸೌಲಭ್ಯವಾದರೂ ಉಂಟೆ ಎಂದರೆ, 2016ರ ಕಾಯಿದೆಯಲ್ಲಿ ಪಟ್ಟಿಮಾಡಿದ 21 ವಿಕಲತೆಗಳಲ್ಲಿ ಶ್ವಾಸಕೋಶದ ಕಾಯಿಲೆಗೆ ಸ್ಥಾನವಿಲ್ಲ. ಸೊಂಟದ ಕೀಲು ಹೋದವನಿಗೆ ಪ್ರಮಾಣಪತ್ರ ಸಿಗಬಹುದು; ಉಸಿರು ಹೋದವನಿಗೆ ಸಿಗದು. ದಿನಗೂಲಿಯವನಿಗೆ, ಮೀನುಗಾರನಿಗೆ, ತೋಟದ ಕೆಲಸದವಳಿಗೆ ಉಸಿರೇ ಬಂಡವಾಳವೆಂಬುದು ಕಾನೂನಿನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಆದುದರಿಂದ ನಮ್ಮ ಒತ್ತಾಯ ಮೂರು. ತೀವ್ರ ಶ್ವಾಸಕೋಶ ಸೋಂಕಿನಿಂದ ಪಾರಾದವರನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವ ಏರ್ಪಾಡು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇರಬೇಕು. ಆರೋಗ್ಯ ಕಾರ್ಯಕರ್ತರ ವಿಮೆ ಸಾವಿಗೆ ಮಾತ್ರ ಸೀಮಿತವಾಗದೆ ಸೇವೆಯಲ್ಲಿ ಉಂಟಾದ ದೀರ್ಘಕಾಲದ ಅಸಾಮರ್ಥ್ಯಕ್ಕೂ ಅನ್ವಯಿಸಬೇಕು. ತೀವ್ರ ಶ್ವಾಸಕೋಶ ವೈಫಲ್ಯವನ್ನು ವಿಕಲತೆಯೆಂದು ಕಾಯಿದೆ ಗುರುತಿಸಬೇಕು. ಇದರಲ್ಲಿ ಯಾವುದೂ ಅಸಾಧ್ಯದ ಬೇಡಿಕೆಯಲ್ಲ.

ಮನೆಯವರು ಮಾಡಬಹುದಾದುದು

ಸರ್ಕಾರ ಮಾಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಕೋವಿಡ್ ಆಗಲಿ, ಹಕ್ಕಿಜ್ವರ, ಹಂದಿಜ್ವರಗಳಂತಹ ಕಾಯಿಲೆಯಾಗಲಿ, ತೀವ್ರ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದವರು ಮನೆಯಲ್ಲಿದ್ದರೆ ಕೆಲವು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದವನ್ನು ಎಸೆಯಬಾರದು. ಎಷ್ಟು ಸ್ಟೆರಾಯ್ಡ್, ಎಷ್ಟು ದಿನ ಕೊಡಲಾಗಿತ್ತೆಂಬುದು ಅದರಲ್ಲಿರುತ್ತದೆ. ಮುಂದಿನ ವೈದ್ಯರಿಗೆ ಅದೇ ದಾರಿದೀಪ. ತಿಂಗಳುಗಳ ನಂತರ ತೊಡೆಸಂದಿಯಲ್ಲೋ ಸೊಂಟದಲ್ಲೋ ನೋವು ಕಾಣಿಸಿಕೊಂಡರೆ ಅದನ್ನು ವಾತವೆಂದು ಎಣ್ಣೆ ತಿಕ್ಕಿ ಮರೆಯಬಾರದು. ಆರಂಭದಲ್ಲಿ ಎಕ್ಸ್-ರೇ ಚಿತ್ರದಲ್ಲಿ ಏನೂ ತೋರದಿರಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೇಗ ತಿಳಿದರೆ ಕೀಲನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಬಿಡದ ಕೆಮ್ಮಿದ್ದರೆ ಎಲ್ಲವೂ ಕೋವಿಡ್‌ನ ಶೇಷವೆಂದು ತಿಳಿಯದೆ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಬೇಕು. ಸಕ್ಕರೆ, ರಕ್ತದೊತ್ತಡಗಳನ್ನು ನೋಡಿಸಿಕೊಳ್ಳಬೇಕು. ವೈದ್ಯರ ಚೀಟಿಯಿಲ್ಲದೆ ಸ್ಟೆರಾಯ್ಡ್ ನುಂಗುವುದೂ ಬೇಡ. ವೈದ್ಯರು ಕೊಟ್ಟದ್ದನ್ನು ಅವರನ್ನು ಕೇಳದೆ ಒಮ್ಮೆಗೇ ನಿಲ್ಲಿಸುವುದೂ ಬೇಡ.

ಉಸಿರಾಟದ ವ್ಯಾಯಾಮ, ದಿನವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ನಡಿಗೆ, ಸ್ನಾಯುಗಳಿಗೆ ಬಲ ತುಂಬುವ ಆಹಾರ ಇವು ಬಹುಮಂದಿಗೆ ಹಿತಕರ. ಆದರೆ ಶ್ರಮಪಟ್ಟ ಮರುದಿನ ಹಾಸಿಗೆ ಹಿಡಿಯುವಷ್ಟು ಬಳಲುವವರನ್ನು ಬಲವಂತವಾಗಿ ನಡೆಸಬಾರದು. ಅಂತಹವರಿಗೆ ಶಕ್ತಿಯನ್ನು ಅಳೆದು ಖರ್ಚುಮಾಡುವುದೇ ಚಿಕಿತ್ಸೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಎಲ್ಲಕ್ಕಿಂತ ಮುಖ್ಯವಾದುದು ನಂಬಿಕೆ. ಇಲ್ಲಿ ನಾವು ಹೇಳುತ್ತಿರುವುದು ರೋಗಿಯ ಮಾತಿನಲ್ಲಿ ಮನೆಯವರು ಇಡಬೇಕಾದ ನಂಬಿಕೆಯನ್ನು. ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ, ರಕ್ತಪರೀಕ್ಷೆ ಸರಿಯಾಗಿದೆ. ಹೀಗಿದ್ದೂ ಸೊಸೆ ಮಧ್ಯಾಹ್ನ ಮಲಗುತ್ತಾಳೆ, ಮಗ ಕೆಲಸಕ್ಕೆ ಹೋಗಲಾರೆನೆನ್ನುತ್ತಾನೆ, ಅಪ್ಪ ಹೆಸರುಗಳನ್ನು ಮರೆಯುತ್ತಾರೆ. ಸೋಮಾರಿತನವೆಂದು, ನೆಪವೆಂದು ಅನ್ನುವುದು ಬಹು ಸುಲಭ. ಹಾಂಗ್‌ಕಾಂಗಿನಲ್ಲಿ ನಾಲ್ಕು ವರ್ಷದ ನಂತರವೂ ಅಷ್ಟೊಂದು ಮಂದಿ ಆಯಾಸವನ್ನು ಹೇಳಿಕೊಂಡರೆಂದರೆ ಅವರೆಲ್ಲ ಸೋಮಾರಿಗಳಾಗಿರಲಿಲ್ಲ. ಮಾನಸಿಕ ವ್ಯಥೆಗೆ ವೈದ್ಯರನ್ನು ಕಾಣುವುದು ಅವಮಾನವೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ಕಾಣುವ ಪದ್ಧತಿ ಹಿಂದಿನಿಂದಲೂ ಇದೆ. ಜಗದ್ಗುರು ಎರಡನೆಯ ಜಾನ್ ಪಾವ್ಲರು 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಸ್ಥಾಪಿಸಿದಂದಿನಿಂದ ಪ್ರತಿವರ್ಷ ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ರಂದು ವಿಶೇಷ ಪೂಜೆಯೂ ನಡೆಯುತ್ತದೆ. ಆ ದಿನ ಹಾಸಿಗೆ ಹಿಡಿದವರ, ವಯೋವೃದ್ಧರ ಪಟ್ಟಿ ಮಾಡುತ್ತೇವೆ. ಎದ್ದು ಓಡಾಡುತ್ತಿದ್ದರೂ ಮೊದಲಿನಂತಾಗದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ವಾಳೆಯ ಗುರಿಕಾರರು ಮನೆಮನೆ ವಿಚಾರಿಸಿದರೆ ಅಂತಹವರು ಸಿಗುತ್ತಾರೆ. ಅವರಿಗೆ ಬೇಕಾಗಿರುವುದು ಹಣ್ಣಿನ ಬುಟ್ಟಿಗಿಂತ ಹೆಚ್ಚಾಗಿ, ಆಸ್ಪತ್ರೆಗೆ ಜೊತೆಯಲ್ಲಿ ಬರುವ ಒಬ್ಬರು. ಅರ್ಜಿ ಬರೆದುಕೊಡುವ ಒಬ್ಬರು. ಅರ್ಧ ದಿನದ ಕೆಲಸ ಕೊಡಬಲ್ಲ ಒಬ್ಬ ಮಾಲೀಕರು.

ಮುಂದಿನ ಸಾಂಕ್ರಾಮಿಕ ಎಂದು ಬರುವುದೋ ಹೇಳಬರುವುದಿಲ್ಲ. ಬಂದಾಗ ಪತ್ರಿಕೆಗಳು ಅದೇ ಮೂರು ಅಂಕಣಗಳನ್ನು ಮತ್ತೆ ಮುದ್ರಿಸುವುವು. ನಾಲ್ಕನೆಯ ಅಂಕಣವನ್ನು ಬರೆಯುವ ಕೆಲಸ ಇಂದೇ, ನಮ್ಮ ನಮ್ಮ ಊರಿನಲ್ಲಿ, ನಮ್ಮ ನಡುವೆಯೇ ಇರುವವರ ಹೆಸರಿನಿಂದ ಆರಂಭವಾಗಲಿ.